ಮೊದಲು ಯಂತ್ರ, ಆಮೇಲೆ ಮನುಷ್ಯ: ಮರೆತುಹೋದ ಕಂಪ್ಯೂಟರ್ ಪ್ರವರ್ತಕರ ಬಗ್ಗೆ ಬರೆಯಲು ಸಮಗ್ರ ಮಾರ್ಗದರ್ಶಿ

ಚಿಕ್ಕ ಕಂಪ್ಯೂಟರ್‌ಗಳನ್ನು ನಡೆಸುವ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದ ಗ್ಯಾರಿ ಕಿಲ್ಡಾಲ್ ಬಗೆಗಿನ ಕರಡುಗಳು ನನ್ನ ಹತ್ತಿರ ಓದಲು ಬರುತ್ತಲೇ ಇರುತ್ತವೆ. ಮುಕ್ಕಾಲು ಪಾಲು ಒಂದೇ ಥರ ಶುರುವಾಗುತ್ತವೆ. ತಮ್ಮ ಹೊಸ ಪಿಸಿಗೆ ಆಪರೇಟಿಂಗ್ ಸಿಸ್ಟಮ್ ಹುಡುಕಿಕೊಂಡು ಐಬಿಎಂನವರು ಬಾಗಿಲು ತಟ್ಟಿದಾಗ ಆತ ಆಕಾಶದಲ್ಲಿ ವಿಮಾನ ಹಾರಿಸುತ್ತಿದ್ದ, ಅವಕಾಶ ಮೈಕ್ರೋಸಾಫ್ಟ್ ಪಾಲಾಯಿತು ಅಂತ. ಮುಗಿಯುವುದೂ ಒಂದೇ ಥರ. ಜಗತ್ತು ಆತನನ್ನು ಮರೆಯಿತು ಅಂತ. ನಡುವೆ ಆತ ಮಾಡಿದ ಕೆಲಸ ಏನು ಎಂದು ಹುಡುಕಿದರೆ ಎರಡು ಸಾಲು ಸಿಕ್ಕಿದರೆ ಹೆಚ್ಚು.

ಬರೆಯುವವರು ಸೋಮಾರಿಗಳಲ್ಲ. ಓದಿರುತ್ತಾರೆ, ಪ್ರೀತಿಯಿಂದ ಬರೆದಿರುತ್ತಾರೆ. ಎಡವುವುದು ಕ್ರಮದಲ್ಲಿ. ಅನ್ಯಾಯದ ಕಥೆಯನ್ನು ಮೊದಲು ಹಿಡಿದುಕೊಂಡು, ಅದಕ್ಕೆ ಬೇಕಾದಷ್ಟೇ ವಿಷಯ ಹೆಕ್ಕುತ್ತಾರೆ. ಈ ಮಾರ್ಗದರ್ಶಿಯಲ್ಲಿ ಕ್ರಮ ಉಲ್ಟಾ ಇದೆ. ಉದ್ದಕ್ಕೂ ಕಿಲ್ಡಾಲ್ ಅವರನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ಬೇಕಾದ ಕಡೆ ಬೇರೆಯವರನ್ನೂ ಕರೆದಿದ್ದೇನೆ.

## ಶುರು ಮಾಡುವ ಮುನ್ನ: ಕೈಗೆ ಏನೇನು ಬೇಕು

ಖರ್ಚಿನ ಸಾಮಾನು ಯಾವುದೂ ಇಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪ್, ಇಂಟರ್ನೆಟ್, ಒಂದು ನೋಟ್‌ಬುಕ್ ಸಾಕು.

ಹಳೆಯ ಪತ್ರಿಕೆಗಳಿಗೆ ಇಂಟರ್ನೆಟ್ ಆರ್ಕೈವ್‌ಗೆ ಹೋಗಿ. ಬೈಟ್, ಪಾಪ್ಯುಲರ್ ಎಲೆಕ್ಟ್ರಾನಿಕ್ಸ್, ಡಾಕ್ಟರ್ ಡಾಬ್ಸ್ ಜರ್ನಲ್, ಇನ್ಫೋವರ್ಲ್ಡ್ ಇವುಗಳ ಹಳೆಯ ಸಂಚಿಕೆಗಳ ಸ್ಕ್ಯಾನ್ ಪ್ರತಿಗಳನ್ನು ಅಲ್ಲಿ ಪುಟ ಪುಟವಾಗಿ ನೋಡಬಹುದು. ಜಾಹೀರಾತುಗಳನ್ನು ಬಿಟ್ಟು ಓದಬೇಡಿ. ಬೆಲೆ, ಮೆಮೊರಿ, ಕಂಪನಿಯ ವಿಳಾಸ ಎಲ್ಲ ಅಲ್ಲೇ ಸಿಗುತ್ತದೆ.

ಜನರ ಮಾತಿಗೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಸಂಗ್ರಹಿಸಿದ ಸಂದರ್ಶನಗಳಿವೆ. ಇಂಥವರಲ್ಲಿ ಅನೇಕರು ಗಂಟೆಗಟ್ಟಲೆ ಮಾತಾಡಿದ್ದಾರೆ, ಅದರ ಬರಹರೂಪವನ್ನು ಪುಕ್ಕಟೆಯಾಗಿ ಓದಬಹುದು. ಹಳೆಯ ಕೈಪಿಡಿಗಳಿಗೆ ಬಿಟ್‌ಸೇವರ್ಸ್ ಎಂಬ ಜಾಲತಾಣ ಇದೆ. ಹಳೆಯ ಯಂತ್ರವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡಿಸಲು ಒಂದು ಎಮ್ಯುಲೇಟರ್ ಬೇಕು, ಅದರ ವಿಷಯ ಐದನೇ ಹಂತದಲ್ಲಿ.

ನೋಟ್‌ಬುಕ್ ಅಂದೆನಲ್ಲ, ಅದು ಕಾಗದದ್ದೇ ಇರಲಿ. ಕಾಪಿ ಪೇಸ್ಟ್ ಮಾಡಿದ ಸಾಲು ಎಲ್ಲಿಂದ ಬಂತು ಎಂದು ಮೂರನೇ ದಿನ ನೆನಪಿರುವುದಿಲ್ಲ. ಕೈಯಲ್ಲಿ ಬರೆದುಕೊಂಡದ್ದು ನೆನಪಿರುತ್ತದೆ.

## ಹಂತ 1: ಒಬ್ಬ ವ್ಯಕ್ತಿಯಲ್ಲ, ಒಂದು ಕೆಲಸವನ್ನು ಆರಿಸಿ

"ನಾನು ಎಡ್ ರಾಬರ್ಟ್ಸ್ ಬಗ್ಗೆ ಬರೆಯುತ್ತೇನೆ" ಎಂದು ಹೊರಟರೆ ಹುಟ್ಟಿನಿಂದ ಸಾವಿನವರೆಗೆ ಎಲ್ಲವನ್ನೂ ಬರೆಯಬೇಕಾಗುತ್ತದೆ. "ಅವರ ಕಂಪನಿ ಮಾರಿದ, ಕೊಂಡವರೇ ಜೋಡಿಸಿಕೊಳ್ಳಬೇಕಾದ ಆಲ್ಟೇರ್ 8800 ಕಂಪ್ಯೂಟರ್ ಕಿಟ್ ಅಷ್ಟು ಕಡಿಮೆ ಬೆಲೆಗೆ ಹೇಗೆ ಬಂತು" ಎಂದು ಹೊರಡಿ. ಆ ಕಿಟ್ ಬೆಲೆ 397 ಡಾಲರ್. ಅದರೊಳಗಿದ್ದ ಇಂಟೆಲ್ 8080 ಚಿಪ್ ಒಂದನ್ನೇ ಬಿಡಿಯಾಗಿ ಕೊಂಡರೆ ಪಟ್ಟಿ ಬೆಲೆ 360 ಡಾಲರ್. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಓದುಗನಿಗೆ ತಾನಾಗಿಯೇ ಪ್ರಶ್ನೆ ಹುಟ್ಟುತ್ತದೆ, ಅಲ್ವಾ? ಆ ಪ್ರಶ್ನೆಗೆ ಉತ್ತರ ಹೇಳುತ್ತಾ ಹೋದರೆ ರಾಬರ್ಟ್ಸ್ ಎಂಥವರು ಎಂಬುದು ತಾನೇ ಬರುತ್ತದೆ.

ಕಿಲ್ಡಾಲ್ ವಿಷಯದಲ್ಲಿ ಆ ಕೆಲಸ ಸಿಪಿ/ಎಂ. 1974ರಲ್ಲಿ ರೂಪ ಪಡೆದ ಆಪರೇಟಿಂಗ್ ಸಿಸ್ಟಮ್. ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: "ಬೇರೆ ಬೇರೆ ಕಂಪನಿಯ ಚಿಕ್ಕ ಕಂಪ್ಯೂಟರ್‌ಗಳಲ್ಲಿ ಒಂದೇ ಪ್ರೋಗ್ರಾಂ ಓಡುವ ಹಾಗೆ ಮಾಡಿದ್ದು." ಈ ವಾಕ್ಯ ಬರೆಯಲು ಆಗದಿದ್ದರೆ ನೀವಿನ್ನೂ ಬರೆಯಲು ತಯಾರಾಗಿಲ್ಲ. ಇನ್ನೆರಡು ದಿನ ಓದಿ.

ಎಚ್ಚರಿಕೆಯ ಗುರುತು: ನಿಮ್ಮ ವಾಕ್ಯದಲ್ಲಿ "ಕ್ರಾಂತಿ", "ಪಿತಾಮಹ", "ದೂರದೃಷ್ಟಿ" ಬಂದಿದ್ದರೆ ಕೆಲಸ ಏನೆಂದು ಗೊತ್ತಿಲ್ಲ ಎಂದರ್ಥ.

## ಹಂತ 2: "ಮೊದಲ" ಎಂಬ ಪದವನ್ನು ಪಕ್ಕಕ್ಕಿಡಿ

"ಜಗತ್ತಿನ ಮೊದಲ ಪರ್ಸನಲ್ ಕಂಪ್ಯೂಟರ್" ಎಂದು ಬರೆದ ಕೂಡಲೇ ಜಗಳ ಶುರು. ಜಾನ್ ಬ್ಲಾಂಕನ್‌ಬೇಕರ್ ಅವರ ಕೆನ್‌ಬ್ಯಾಕ್-1 ಬಂದದ್ದು 1971ರಲ್ಲಿ. ಅದರಲ್ಲಿ ಮೈಕ್ರೋಪ್ರೊಸೆಸರೇ (ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಒಂದೇ ಚಿಪ್) ಇರಲಿಲ್ಲ. ಫ್ರಾನ್ಸಿನ ಮಿಕ್ರಾಲ್ ಎನ್ 1973ರದ್ದು, ವಿನ್ಯಾಸ ಫ್ರಾನ್ಸ್ವಾ ಜೆರ್ನೆಲ್ ಅವರದು, ಅದರಲ್ಲಿ ಇಂಟೆಲ್ 8008 ಎಂಬ ಮೈಕ್ರೋಪ್ರೊಸೆಸರ್ ಇತ್ತು. ಆದರೆ ಅದು ಮನೆಗೆ ಕೊಳ್ಳುವ ವಸ್ತು ಆಗಿರಲಿಲ್ಲ. ಆಲ್ಟೇರ್ 1975. ಇವೆಲ್ಲಕ್ಕಿಂತ ಹಿಂದೆ, 1965ರಲ್ಲೇ, ಮೇರಿ ಆ್ಯಲೆನ್ ವಿಲ್ಕ್ಸ್ ಬಾಲ್ಟಿಮೋರ್‌ನ ತಮ್ಮ ತಂದೆತಾಯಿಯ ಮನೆಯಲ್ಲಿ ಲಿಂಕ್ ಎಂಬ ಕಂಪ್ಯೂಟರ್ ಇಟ್ಟುಕೊಂಡು ಅದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಆ ಯಂತ್ರ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಲ್ಯಾಬಿನದು.

ಹಾಗಾದರೆ ಯಾವುದು ಮೊದಲು? ಉತ್ತರ ನೀವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಆದ್ದರಿಂದ "ಮೊದಲ" ಎಂದು ಬರೆಯುವಾಗ ಅದರ ಜತೆ ಒಂದು ಷರತ್ತು ಇರಲೇಬೇಕು. "ಮನೆಯಲ್ಲಿ ಕೂತು ಕಂಪ್ಯೂಟರ್ ಬಳಸಿದ ಮೊದಲಿಗರಲ್ಲಿ ಒಬ್ಬರು" ಎಂಬುದು ನಿಲ್ಲುತ್ತದೆ. ಬರೀ "ಮೊದಲ" ನಿಲ್ಲುವುದಿಲ್ಲ.

## ಹಂತ 3: ತಾರೀಖುಗಳ ಪಟ್ಟಿ ಮಾಡಿ, ಯಾವ ತಾರೀಖು ಎಂದೂ ಬರೆಯಿರಿ

ಇಲ್ಲಿ ಎಡವುವವರು ಜಾಸ್ತಿ, ಯಾಕೆಂದರೆ ಸುಲಭ ಅನ್ನಿಸುತ್ತದೆ. ಒಂದು ವಸ್ತುವಿಗೆ ನಾಲ್ಕು ತಾರೀಖು ಇರಬಹುದು: ಪತ್ರಿಕೆಯ ಮುಖಪುಟದ ತಾರೀಖು, ಘೋಷಣೆಯ ತಾರೀಖು, ಗಿರಾಕಿಯ ಕೈಗೆ ಸಿಕ್ಕ ತಾರೀಖು, ಪೇಟೆಂಟಿನ ತಾರೀಖು.

ಆಲ್ಟೇರ್ ಮುಖಪುಟದಲ್ಲಿ ಬಂದ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್ ಸಂಚಿಕೆ ಜನವರಿ 1975ರದ್ದು. ಆದರೆ ಅದು ಅಂಗಡಿಗೆ ಬಂದದ್ದು ಡಿಸೆಂಬರ್ 1974ರಲ್ಲೇ. ಇದು ಗೊತ್ತಿಲ್ಲದವರು "ಮೈಕ್ರೋಸಾಫ್ಟ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಪೌಲ್ ಆಲೆನ್ ಡಿಸೆಂಬರ್‌ನಲ್ಲಿ ಜನವರಿ ಸಂಚಿಕೆ ಹೇಗೆ ನೋಡಿದರು" ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ದೀಪಾವಳಿ ವಿಶೇಷಾಂಕ ಹಬ್ಬಕ್ಕೆ ಮುಂಚೆಯೇ ಬರುವ ಹಾಗೆ ಅಷ್ಟೇ.

ಡಗ್ ಎಂಗೆಲ್‌ಬಾರ್ಟ್ ಅವರ ಮೌಸ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು 1967ರಲ್ಲಿ, ಸಿಕ್ಕಿದ್ದು 1970ರಲ್ಲಿ. ಎಲ್ಲರ ಮುಂದೆ ತೋರಿಸಿದ್ದು ಈ ಎರಡರ ನಡುವೆ, 9 ಡಿಸೆಂಬರ್ 1968ರಂದು. "1970ರಲ್ಲಿ ಮೌಸ್ ಕಂಡುಹಿಡಿದರು" ಎಂದು ಬರೆದವರು ಕೊನೆಯ ಕಾಗದ ಮಾತ್ರ ನೋಡಿದ್ದಾರೆ.

ನೋಟ್‌ಬುಕ್ಕಿನಲ್ಲಿ ವರ್ಷದ ಎದುರು "ಘೋಷಣೆ", "ಮಾರಾಟ", "ಮುಖಪುಟ" ಎಂದು ಬರೆಯುತ್ತಾ ಹೋಗಿ. ಕಿಲ್ಡಾಲ್ ಪಟ್ಟಿ ಚಿಕ್ಕದು: 1942 ಹುಟ್ಟು, ಸಿಯಾಟಲ್. 1972 ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಮಾಂಟೆರಿಯ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಪಾಠ. 1974 ಸಿಪಿ/ಎಂ. 1980 ಐಬಿಎಂ ಭೇಟಿ. 1991 ಅವರ ಕಂಪನಿ ಡಿಜಿಟಲ್ ರಿಸರ್ಚ್, ನೊವೆಲ್ ಎಂಬ ಇನ್ನೊಂದು ಕಂಪನಿಗೆ ಮಾರಾಟ. 1994 ಸಾವು. ಪಟ್ಟಿ ಆದ ಮೇಲೆ 1974ರಿಂದ 1980ರ ನಡುವಿನ ಖಾಲಿ ಜಾಗ ನೋಡಿ. ನಿಮ್ಮ ಲೇಖನ ಇರುವುದು ಆ ಆರು ವರ್ಷದಲ್ಲಿ, ಐಬಿಎಂ ಬಂದ ಆ ಒಂದು ದಿನದಲ್ಲಿ ಅಲ್ಲ.

## ಹಂತ 4: ಮೂಲಗಳನ್ನು ವಯಸ್ಸಿನ ಪ್ರಕಾರ ಜೋಡಿಸಿ

ಒಬ್ಬರೇ ಮನುಷ್ಯ, ಒಂದೇ ಘಟನೆ. ಆದರೂ ಯಾವಾಗ ಹೇಳಿದರು ಎಂಬುದರ ಮೇಲೆ ಮಾತಿನ ಬಣ್ಣ ಬದಲಾಗುತ್ತದೆ. ಸೋಲಿಗೆ ಮುಂಚೆ ಹೇಳಿದ್ದು ಬೇರೆ, ಸೋತ ಮೇಲೆ ಹೇಳಿದ್ದು ಬೇರೆ.

ಕಿಲ್ಡಾಲ್ ವಿಷಯದಲ್ಲಿ ನಮಗೆ ಅದೃಷ್ಟವಿದೆ. ಡಾಕ್ಟರ್ ಡಾಬ್ಸ್ ಜರ್ನಲ್‌ನ ಜನವರಿ 1980ರ ಸಂಚಿಕೆಯಲ್ಲಿ ಅವರೇ ಸಿಪಿ/ಎಂ ಹುಟ್ಟಿದ ಬಗೆಯನ್ನು ಬರೆದಿದ್ದಾರೆ. ಅದು ಐಬಿಎಂನವರು ಬರುವುದಕ್ಕೆ ಮೊದಲು. ಅಲ್ಲಿ ಕಹಿಯಿಲ್ಲ, ದೂರಿಲ್ಲ. ಹದಿಮೂರು ವರ್ಷದ ನಂತರ, 1993ರಲ್ಲಿ ಅವರು ಬರೆದ ಆತ್ಮಕಥೆಯ ಕರಡು ಇನ್ನೊಂದು. ಅದು ಪ್ರಕಟವಾಗಲಿಲ್ಲ. ಅದರ ಒಂದು ಭಾಗವನ್ನು 2016ರಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಹೊರತಂದಿತು. ಎರಡನ್ನೂ ಓದಿ. ಕೆಲಸದ ವಿವರಕ್ಕೆ 1980ರದ್ದನ್ನು ನಂಬಿ, ಮನಸ್ಸಿನ ಸ್ಥಿತಿಗೆ 1993ರದ್ದನ್ನು.

ಕ್ರಮ ಹೀಗಿರಲಿ. ಮೊದಲು ಆ ಕಾಲದ ಕೈಪಿಡಿ ಮತ್ತು ಜಾಹೀರಾತು. ಆಮೇಲೆ ಆ ಕಾಲದ ಲೇಖನ. ಆಮೇಲೆ ವರ್ಷಗಳ ನಂತರದ ಸಂದರ್ಶನ. ಕೊನೆಗೆ ಬೇರೆಯವರು ಬರೆದ ಸಾರಾಂಶ. ನಾವು ಸಾಮಾನ್ಯವಾಗಿ ಸಾರಾಂಶದಿಂದ ಶುರು ಮಾಡುತ್ತೇವೆ, ಅಲ್ಲೇ ನಿಲ್ಲುತ್ತೇವೆ. ಹತ್ತು ಲೇಖನಗಳಲ್ಲಿ ಒಂದೇ ವಿಷಯ ಇದ್ದರೆ ಅದು ಹತ್ತು ಸಾಕ್ಷಿ ಅಲ್ಲ. ಒಬ್ಬರನ್ನು ನೋಡಿ ಒಂಬತ್ತು ಜನ ಬರೆದದ್ದೂ ಆಗಿರಬಹುದು.

ನಾನೂ ಹೀಗೆ ಬಿದ್ದಿದ್ದೇನೆ. ಆಸ್ಬಾರ್ನ್-1 ಎಂಬ ಕಂಪ್ಯೂಟರ್ ತಂದ ಆಡಮ್ ಆಸ್ಬಾರ್ನ್ ಬಗ್ಗೆ ಬರೆದ ನನ್ನ ಮೊದಲ ಲೇಖನದಲ್ಲಿ ಅವರು ತಮಿಳುನಾಡಿನಲ್ಲಿ ಹುಟ್ಟಿದವರು ಎಂದು ಬರೆದಿದ್ದೆ. ಎಲ್ಲೋ ಓದಿದ್ದು, ಸರಿಯೆನ್ನಿಸಿತ್ತು. ಅಚ್ಚಾದ ಮೇಲೆ ಒಬ್ಬ ಓದುಗರು ಫೋನ್ ಮಾಡಿ ನಿಧಾನವಾಗಿ ತಿದ್ದಿದರು. ಹುಟ್ಟಿದ್ದು 1939ರಲ್ಲಿ ಬ್ಯಾಂಕಾಕ್‌ನಲ್ಲಿ. ಬೆಳೆದದ್ದು ತಿರುವಣ್ಣಾಮಲೈನಲ್ಲಿ, ರಮಣ ಮಹರ್ಷಿಗಳ ಆಶ್ರಮದ ಸುತ್ತಮುತ್ತ. ಅವರ ತಂದೆ ಆರ್ಥರ್ ಆಸ್ಬಾರ್ನ್ ಮಹರ್ಷಿಗಳ ಭಕ್ತರು. ತೀರಿಕೊಂಡದ್ದು 2003ರಲ್ಲಿ ಕೊಡೈಕೆನಾಲ್‌ನಲ್ಲಿ. ಸತ್ಯವೇ ನನ್ನ ತಪ್ಪಿಗಿಂತ ಸ್ವಾರಸ್ಯವಾಗಿತ್ತು, ನೋಡಿ.

## ಹಂತ 5: ಯಂತ್ರವನ್ನು ಓಡಿಸಿ ನೋಡಿ

ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ಅದಕ್ಕೇ ಎಲ್ಲರ ಲೇಖನವೂ ಒಂದೇ ಥರ ಇರುತ್ತದೆ. ಹುಳಿ ತಿನ್ನದವರು ಹುಳಿಯ ರುಚಿ ಬರೆದ ಹಾಗೆ.

ಸಿಮ್‌ಎಚ್ ಎಂಬ ಉಚಿತ ಎಮ್ಯುಲೇಟರ್ ಬಳಗದಲ್ಲಿ ಆಲ್ಟೇರ್ ಯಂತ್ರದ ಒಂದು ರೂಪವಿದೆ. ಅದರಲ್ಲಿ ಸಿಪಿ/ಎಂ ಓಡುತ್ತದೆ. ಒಂದು ಭಾನುವಾರ ಮಧ್ಯಾಹ್ನ ಇದಕ್ಕೆ ಕೊಡಿ. ಕ್ರಮ ಹೀಗೆ:

1. ಎಮ್ಯುಲೇಟರ್ ಜತೆಗೆ ಸಿಪಿ/ಎಂ ಡಿಸ್ಕ್ ಇಮೇಜನ್ನೂ (ಹಳೆಯ ಡಿಸ್ಕಿನ ನಕಲು ಇರುವ ಫೈಲ್) ಇಳಿಸಿಕೊಳ್ಳಿ. ಬರೀ ಎಮ್ಯುಲೇಟರ್ ಇಳಿಸಿ "ಏನೂ ಬರ್ತಿಲ್ಲ" ಅನ್ನುವವರು ಬಹಳ.

2. ಡಿಸ್ಕಿನಿಂದ ಬೂಟ್ ಮಾಡಿ. ಪರದೆಯ ಮೇಲೆ ‘ಎ’ ಅಕ್ಷರ, ಅದರ ಪಕ್ಕ ಒಂದು ಬಾಣದ ಗುರುತು ಕಾಣಬೇಕು. ವಿಂಡೋಸ್‌ನ ಕಪ್ಪು ಕಿಟಕಿ ನೋಡಿದವರಿಗೆ ಇದು ನೆಂಟರ ಮನೆಯಲ್ಲಿ ಕಂಡ ಹಳೇ ಫೋಟೋ ಥರ ಅನ್ನಿಸುತ್ತದೆ.

3. ‘ಡಿರ್’ (DIR) ಎಂದು ಹೊಡೆದು ಫೈಲುಗಳ ಪಟ್ಟಿ ನೋಡಿ. ಹೆಸರಿಗೆ ಎಂಟು ಅಕ್ಷರ, ಬಾಲಕ್ಕೆ ಮೂರು. ನಾವು ವರ್ಷಗಟ್ಟಲೆ ಅನುಭವಿಸಿದ ಆ ಇಕ್ಕಟ್ಟನ್ನು ಮೈಕ್ರೋಸಾಫ್ಟಿನ ಆಪರೇಟಿಂಗ್ ಸಿಸ್ಟಮ್ ಆದ ಡಾಸ್ ಇಲ್ಲಿಂದಲೇ ಪಡೆದದ್ದು.

4. ‘ಪಿಪ್’ (PIP) ಬಳಸಿ ಒಂದು ಫೈಲ್ ನಕಲು ಮಾಡಿ. ಇಲ್ಲಿ ಎಲ್ಲಿಗೆ ಎಂಬುದನ್ನು ಮೊದಲು, ಎಲ್ಲಿಂದ ಎಂಬುದನ್ನು ಆಮೇಲೆ ಬರೆಯಬೇಕು. ಡಾಸ್‌ನಲ್ಲಿ ಇದು ತಿರುಗುಮುರುಗು.

5. ಡಿಸ್ಕ್ ಬದಲಿಸಿ, ಕಂಟ್ರೋಲ್ ಸಿ ಒತ್ತದೆ ಬರೆಯಲು ನೋಡಿ. ಒಂದು ಸಿಡುಕಿನ ದೋಷಸಂದೇಶ ಬರುತ್ತದೆ. ಆ ಕಾಲದವರು ಏನು ಬೈದುಕೊಂಡರು ಎಂಬುದು ಆಗ ಗೊತ್ತಾಗುತ್ತದೆ.

ಈಗ ನಿಮಗೆ ಹೇಳಲು ವಿಷಯ ಇದೆ. ನಮ್ಮ ಕಂಪ್ಯೂಟರಿನಲ್ಲಿ ಇವತ್ತಿಗೂ ‘ಸಿ ಡ್ರೈವ್’ ಇದೆ. ಎ ಮತ್ತು ಬಿ ಎಲ್ಲಿ ಹೋದವು? ಅವು ಫ್ಲಾಪಿಗಳಿಗೆ ಮೀಸಲಾಗಿದ್ದವು, ಆ ಅಕ್ಷರಗಳ ಪದ್ಧತಿಯನ್ನು ಚಿಕ್ಕ ಕಂಪ್ಯೂಟರಿಗೆ ತಂದದ್ದು ಸಿಪಿ/ಎಂ. ‘ಬಯೋಸ್’ ಎಂಬ ಪದ ಕೂಡ ಅಲ್ಲಿಂದಲೇ, ಅದರ ಅರ್ಥ ಎಂಟನೇ ಹಂತದಲ್ಲಿ. ಇಂಥ ಎರಡು ಸಾಲು ಹತ್ತು "ಮಹಾನ್ ಸಾಧಕ"ಗಳಿಗೆ ಸಮ.

ಸಿಪಿ/ಎಂನ ಮೂಲ ಕೋಡನ್ನು ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2014ರಲ್ಲಿ ಬಿಡುಗಡೆ ಮಾಡಿದೆ. ಪ್ರೋಗ್ರಾಮಿಂಗ್ ಗೊತ್ತಿದ್ದರೆ ಇಣುಕಿ. ಗೊತ್ತಿಲ್ಲದಿದ್ದರೆ ಬಿಡಿ, ನಷ್ಟವಿಲ್ಲ.

## ಹಂತ 6: ದಂತಕಥೆಯನ್ನು ಮೂರು ಕಂಬಗಳಾಗಿ ಸೀಳಿ

ಈಗ ವಿಮಾನದ ಕಥೆಗೆ ಬರಬಹುದು. ಒಂದು ಹಾಳೆಯನ್ನು ಮೂರು ಕಂಬ (ಕಾಲಂ) ಮಾಡಿ. ಮೊದಲನೆಯದು: ಎಲ್ಲ ಕಡೆಯವರೂ ಒಪ್ಪುವುದು. ಎರಡನೆಯದು: ಒಬ್ಬರು ಹೇಳಿದ್ದು, ಇನ್ನೊಬ್ಬರು ಅಲ್ಲಗಳೆದದ್ದು. ಮೂರನೆಯದು: ಸಾಕ್ಷಿಯೇ ಇಲ್ಲದೆ ಕಥೆಯ ರುಚಿಗೆ ಸೇರಿದ್ದು.

ಮೊದಲ ಕಂಬದಲ್ಲಿ ಬರುವುದು ಇಷ್ಟು. 1980ರಲ್ಲಿ ಐಬಿಎಂ ತಂಡ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಗ್ರೋವ್‌ನಲ್ಲಿದ್ದ ಡಿಜಿಟಲ್ ರಿಸರ್ಚ್‌ಗೆ ಬಂತು. ಅವರನ್ನು ಮಾತಾಡಿಸಿದವರು ಡೊರೊತಿ ಮೆಕ್ಯೂಯನ್, ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಿಲ್ಡಾಲ್ ಅವರ ಪತ್ನಿ. ಐಬಿಎಂ ಮುಂದಿಟ್ಟ ಗುಟ್ಟು ಕಾಪಾಡುವ ಕರಾರಿಗೆ ಸಹಿ ಹಾಕಲು ಅವರು ಹಿಂಜರಿದರು. ಕಿಲ್ಡಾಲ್ ಬೆಳಿಗ್ಗೆ ವಿಮಾನದಲ್ಲಿ ಹೋಗಿದ್ದದ್ದೂ ನಿಜ. ಆದರೆ ಹೋದದ್ದು ವ್ಯವಹಾರಕ್ಕೆ, ಬಿಲ್ ಗಾಡ್‌ಬೌಟ್ ಎಂಬ ಗಿರಾಕಿಯನ್ನು ನೋಡಲು, ಜತೆಯಲ್ಲಿ ಸಹೋದ್ಯೋಗಿ ಟಾಮ್ ರೋಲಾಂಡರ್ ಇದ್ದರು.

ಎರಡನೇ ಕಂಬದಲ್ಲಿ ಬರುವುದು: ಮಧ್ಯಾಹ್ನ ವಾಪಸ್ ಬಂದು ಐಬಿಎಂನವರ ಜತೆ ಕೂತೆವು ಎಂಬುದು ಕಿಲ್ಡಾಲ್ ಕಡೆಯ ಮಾತು. ಐಬಿಎಂ ತಂಡದ ಜ್ಯಾಕ್ ಸ್ಯಾಮ್ಸ್ ತಾವು ಕಿಲ್ಡಾಲ್ ಅವರನ್ನು ಕಾಣಲೇ ಇಲ್ಲ ಎಂದಿದ್ದಾರೆ. ಎರಡನ್ನೂ ಬರೆಯಿರಿ. ನೀವು ನ್ಯಾಯಾಧೀಶರಲ್ಲ.

ಮೂರನೇ ಕಂಬದಲ್ಲಿ: "ಮೋಜಿಗೆ ಹಾರುತ್ತಿದ್ದ", "ಐಬಿಎಂ ಯಾವ ಲೆಕ್ಕ ಎಂದ". ಇವನ್ನು ಅಳಿಸಿ.

ಆಮೇಲೆ ನಡೆದದ್ದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ನಿಜವಾದ ವಿಷಯ ಅಲ್ಲೇ ಇದೆ. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಎಂಬ ಚಿಕ್ಕ ಕಂಪನಿಗೆ ಇಂಟೆಲ್ 8086 ಚಿಪ್ ಇದ್ದ ತನ್ನ ಬೋರ್ಡಿಗೆ ಆಪರೇಟಿಂಗ್ ಸಿಸ್ಟಮ್ ಬೇಕಿತ್ತು. ಆ ಚಿಪ್ಪಿಗೆ ಸಿಪಿ/ಎಂ ಬರುವುದು ತಡವಾಗುತ್ತಿತ್ತು. ಅಲ್ಲಿದ್ದ ಟಿಮ್ ಪ್ಯಾಟರ್ಸನ್ 1980ರಲ್ಲಿ ತಾವೇ ಒಂದನ್ನು ಬರೆದರು. ಹಳೆಯ ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ ತರಲೆಂದು ಅದು ಹೊರನೋಟಕ್ಕೆ ಸಿಪಿ/ಎಂ ಥರವೇ ಇತ್ತು, ಫೈಲ್ ಇಡುವ ಪದ್ಧತಿ ಮಾತ್ರ ಬೇರೆ. ಜುಲೈ 1981ರಲ್ಲಿ ಮೈಕ್ರೋಸಾಫ್ಟ್ ಅದರ ಪೂರ್ತಿ ಹಕ್ಕು ಕೊಂಡಿತು. ಅದೇ ಮುಂದೆ ಐಬಿಎಂ ಮಾರಿದ ಪಿಸಿ ಡಾಸ್. 12 ಆಗಸ್ಟ್ 1981ರಂದು ಐಬಿಎಂ ಪಿಸಿ ಘೋಷಣೆಯಾಯಿತು.

ಕಿಲ್ಡಾಲ್ ತಕರಾರು ತೆಗೆದ ಮೇಲೆ ಐಬಿಎಂ ಸಿಪಿ/ಎಂ-86 ಅನ್ನೂ, ಅಂದರೆ ಆ ಬಗೆಯ ಚಿಪ್ಪಿಗೆ ಹೊಂದುವ ಸಿಪಿ/ಎಂ ಅನ್ನೂ, ಮಾರಲು ಒಪ್ಪಿತು. ಅಂದರೆ ಎರಡೂ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದವು. ಪಿಸಿ ಡಾಸ್ 40 ಡಾಲರ್. ಸಿಪಿ/ಎಂ-86 240 ಡಾಲರ್. ಅದೂ ಕೆಲವು ತಿಂಗಳು ತಡವಾಗಿ ಬಂತು. ಗಿರಾಕಿ ಯಾವುದಕ್ಕೆ ಕೈ ಚಾಚುತ್ತಾನೆ ಹೇಳಿ? ನನ್ನ ಪ್ರಕಾರ ವಿಮಾನಕ್ಕಿಂತ ಈ 200 ಡಾಲರ್ ವ್ಯತ್ಯಾಸವೇ ದೊಡ್ಡ ಕಥೆ. ಆದರೆ ಬೆಲೆಪಟ್ಟಿಗೆ ರೆಕ್ಕೆ ಇರುವುದಿಲ್ಲ, ಹಾಗಾಗಿ ಅದು ದಂತಕಥೆಯಾಗಲಿಲ್ಲ.

ಎಚ್ಚರಿಕೆಯ ಗುರುತು: "ಕದ್ದರು" ಎಂಬ ಪದ. ಇದನ್ನು ಸುಮ್ನೆ ಬರೆಯಬೇಡಿ. ತಮ್ಮ ಕೆಲಸವನ್ನು ಒಂದು ಪುಸ್ತಕ ಸಿಪಿ/ಎಂನ ನಕಲು ಎಂಬಂತೆ ಬರೆದಿದೆ ಎಂದು ಪ್ಯಾಟರ್ಸನ್ 2005ರಲ್ಲಿ ಮಾನನಷ್ಟದ ದಾವೆ ಹೂಡಿದ್ದರು. 2007ರಲ್ಲಿ ಅದು ವಜಾ ಆಯಿತು. ವಜಾ ಆದರೂ ಆ ಲೇಖಕರು ಎರಡು ವರ್ಷ ಕೋರ್ಟಿಗೆ ಉತ್ತರ ಕೊಡಬೇಕಾಯಿತಲ್ಲ. ಏನು ಒಂದೇ ಥರ ಇತ್ತು, ಏನು ಬೇರೆ ಇತ್ತು ಎಂದು ಬರೆಯಿರಿ. ತೀರ್ಮಾನವನ್ನು ಓದುಗ ಮಾಡಿಕೊಳ್ಳಲಿ.

## ಹಂತ 7: ಫೋಟೋದ ಅಂಚಿನಲ್ಲಿ ನಿಂತವರನ್ನು ನೋಡಿ

ಮರೆತುಹೋದ ಒಬ್ಬರನ್ನು ಎತ್ತಿ ಹಿಡಿಯುವ ಭರದಲ್ಲಿ ಅವರ ಪಕ್ಕದಲ್ಲಿದ್ದ ಮೂವರನ್ನು ನಾವೇ ಮರೆಸುತ್ತೇವೆ. ಕಿಲ್ಡಾಲ್ ಹತ್ತಿರ ಫ್ಲಾಪಿ ಡ್ರೈವ್ ಇತ್ತು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಕಂಟ್ರೋಲರ್ ಇರಲಿಲ್ಲ. ಅದನ್ನು ಮಾಡಿಕೊಟ್ಟವರು ಜಾನ್ ಟೊರೋಡ್. ಅದಿಲ್ಲದಿದ್ದರೆ ಸಿಪಿ/ಎಂ ಓಡುತ್ತಿರಲಿಲ್ಲ. ಡೊರೊತಿ ಇಲ್ಲದಿದ್ದರೆ ಅದು ಮಾರಾಟವಾಗುತ್ತಿರಲಿಲ್ಲ. ಆಸ್ಬಾರ್ನ್-1 ಅನ್ನು ವಿನ್ಯಾಸ ಮಾಡಿದವರು ಲೀ ಫೆಲ್ಸನ್‌ಸ್ಟೈನ್, ಹೆಸರು ಮಾತ್ರ ಆಸ್ಬಾರ್ನ್ ಅವರದು. ಚಿಕ್ಕ ಕಂಪ್ಯೂಟರ್ ತಯಾರಿಸುತ್ತಿದ್ದ ವೆಕ್ಟರ್ ಗ್ರಾಫಿಕ್ ಕಂಪನಿಯನ್ನು 1976ರಲ್ಲಿ ಕಟ್ಟಿ ನಡೆಸಿದವರು ಲೋರ್ ಹಾರ್ಪ್ ಮತ್ತು ಕರೋಲ್ ಈಲಿ. ಆ ಕಾಲದ ಜಾಹೀರಾತುಗಳಲ್ಲಿ ಕಂಪನಿಯ ಹೆಸರು ಎದ್ದು ಕಾಣುತ್ತದೆ, ಇವರಿಬ್ಬರ ಹೆಸರು ನಮ್ಮ ಲೇಖನಗಳಲ್ಲಿ ಬರುವುದೇ ಇಲ್ಲ.

ಸುಲಭ ಉಪಾಯ ಒಂದಿದೆ. ಕರಡಿನಲ್ಲಿ "ಅವರು ಮಾಡಿದರು" ಎಂದಿರುವ ಪ್ರತಿ ಕಡೆ "ಯಾರ ಜತೆ?" ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ.

## ಹಂತ 8: ಈಗ ಕನ್ನಡದಲ್ಲಿ ಬರೆಯಿರಿ

ಇಲ್ಲಿಯವರೆಗೆ ಒಂದು ಸಾಲೂ ಬರೆದಿಲ್ಲ, ಗಮನಿಸಿದಿರಾ? ಬರೆಯಲು ಕೂತಾಗ ನಾಲ್ಕು ತೊಡಕು ಬರುತ್ತವೆ.

ಪದಗಳು. ಆಪರೇಟಿಂಗ್ ಸಿಸ್ಟಮ್ ಅನ್ನು "ಕಾರ್ಯನಿರ್ವಹಣಾ ತಂತ್ರಾಂಶ ವ್ಯವಸ್ಥೆ" ಮಾಡಬೇಡಿ. ಪದ ಹಾಗೇ ಇರಲಿ, ಅರ್ಥ ಬಿಡಿಸಿ. ನಾನು ಹಳ್ಳಿಯ ಶಾನುಭೋಗರ ಉದಾಹರಣೆ ಕೊಡುತ್ತೇನೆ. ಯಾವ ಸರ್ವೆ ನಂಬರ್ ಎಲ್ಲಿದೆ, ಯಾರ ಖಾತೆಯಲ್ಲಿದೆ ಎಂಬುದು ಅವರಿಗೆ ಗೊತ್ತು. ಜಮೀನು ಬೇಕಾದವನು ಊರೆಲ್ಲ ಅಳೆಯಬೇಕಿಲ್ಲ, ಶಾನುಭೋಗರನ್ನು ಕೇಳಿದರೆ ಸಾಕು. ಪ್ರೋಗ್ರಾಂ ಕೂಡ ಹಾಗೆಯೇ. ಡಿಸ್ಕಿನ ಯಾವ ಮೂಲೆಯಲ್ಲಿ ಫೈಲ್ ಇದೆ ಎಂದು ತಾನು ಹುಡುಕುವುದಿಲ್ಲ, ಆಪರೇಟಿಂಗ್ ಸಿಸ್ಟಮನ್ನು ಕೇಳುತ್ತದೆ. ಕಿಲ್ಡಾಲ್ ಮಾಡಿದ ಜಾಣತನ ಇನ್ನೊಂದು ಹೆಜ್ಜೆ ಮುಂದೆ. ಊರಿಂದ ಊರಿಗೆ ಬದಲಾಗುವ ಭಾಗವನ್ನು, ಅಂದರೆ ಆಯಾ ಯಂತ್ರಕ್ಕೆ ಸಂಬಂಧಿಸಿದ ಕೋಡನ್ನು, ಪ್ರತ್ಯೇಕ ತೆಗೆದಿಟ್ಟರು. ಅದೇ ಬಯೋಸ್. ಹೊಸ ಯಂತ್ರ ಬಂದಾಗ ಅಷ್ಟು ಮಾತ್ರ ಬದಲಿಸಿದರೆ ಆಯಿತು, ಉಳಿದ ದಫ್ತರ ಹಾಗೇ ನಡೆಯುತ್ತದೆ.

ಅವರು, ಅವನು, ಅವಳು. ಇದು ಕನ್ನಡಕ್ಕೇ ಅಂಟಿದ ತೊಂದರೆ. ಇಂಗ್ಲಿಷ್‌ನಿಂದ ತಂದು ಬರೆಯುವಾಗ ಕಿಲ್ಡಾಲ್ "ಅವರು" ಆಗುತ್ತಾರೆ, ಡೊರೊತಿ "ಅವಳು" ಆಗುತ್ತಾಳೆ. ನಿಮಗೆ ಗೊತ್ತೇ ಆಗಿರುವುದಿಲ್ಲ. ಕರಡು ಮುಗಿದ ಮೇಲೆ "ಅವಳು" ಎಂದು ಹುಡುಕಿ. ಸಿಕ್ಕಿದರೆ ನಾಚಿಕೊಂಡು ತಿದ್ದಿ.

ಹಣ. 1975ರ 397 ಡಾಲರನ್ನು ಇವತ್ತಿನ ವಿನಿಮಯ ದರದಿಂದ ಗುಣಿಸಿ ರೂಪಾಯಿ ಮಾಡಬೇಡಿ. ಆ ಅಂಕಿಗೆ ಅರ್ಥವೇ ಇಲ್ಲ. ಅದೇ ಕಾಲದ ಇನ್ನೊಂದು ವಸ್ತುವಿನ ಜತೆ ತೂಗಿ. 8080 ಚಿಪ್ 360 ಡಾಲರ್ ಇದ್ದ ಕಾಲದಲ್ಲಿ, ಸೆಪ್ಟೆಂಬರ್ 1975ರಲ್ಲಿ, ಎಂಜಿನಿಯರ್ ಚಕ್ ಪೆಡಲ್ ಅವರ ತಂಡ 6502 ಎಂಬ ಇನ್ನೊಂದು ಮೈಕ್ರೋಪ್ರೊಸೆಸರ್ ಚಿಪ್ಪನ್ನು 25 ಡಾಲರಿಗೆ ಮಾರಲು ನಿಂತಿತು. ಇಷ್ಟು ಬರೆದರೆ ಓದುಗ ಕುರ್ಚಿಯಲ್ಲಿ ನೇರ ಕೂರುತ್ತಾನೆ.

ಕರ್ನಾಟಕದ ನಂಟು. ಇಲ್ಲದ ನಂಟನ್ನು ಎಳೆದು ತರಬೇಡಿ. ಆಸ್ಬಾರ್ನ್ ನಮ್ಮ ಪಕ್ಕದ ರಾಜ್ಯದಲ್ಲಿ ಬೆಳೆದರು ಎಂಬುದು ನಿಜವಾದ ನಂಟು, ಅಷ್ಟಕ್ಕೆ ನಿಲ್ಲಿಸಿ. ಅವರು ಬ್ರಿಟಿಷರು, "ಭಾರತದ ಮರೆತ ಮಗ" ಅಲ್ಲ. ನಮ್ಮವರ ಬಗ್ಗೆಯೇ ಬರೆಯುವ ಆಸೆ ಇದ್ದರೆ ಬೇರೆ ದಾರಿ ಹಿಡಿಯಿರಿ. ಕನ್ನಡವನ್ನು ಕೀಲಿಮಣೆಗೆ ಕೂರಿಸಿದ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ. ಪಿ. ರಾವ್ ಅವರ ಕೆಲಸ ಇದೆ. ‘ನುಡಿ’ ತಂತ್ರಾಂಶ ಬಳಸುವವರ ಬೆರಳು ದಿನವೂ ಓಡಾಡುವುದು ಅವರ ವಿನ್ಯಾಸದ ಮೇಲೆ ಕಟ್ಟಿದ ಜೋಡಣೆಯಲ್ಲಿ. ಅದಕ್ಕೂ ಇದೇ ಹಂತಗಳು. ಮೊದಲು ಕೀಲಿಮಣೆ, ಆಮೇಲೆ ಮನುಷ್ಯ.

ಸಾವಿನ ದೃಶ್ಯದಿಂದ ಲೇಖನ ಶುರು ಮಾಡುವ ಚಟವೂ ಒಂದಿದೆ. ಕಿಲ್ಡಾಲ್ 1994ರಲ್ಲಿ, 52ನೇ ವಯಸ್ಸಿನಲ್ಲಿ, ತಲೆಗೆ ಪೆಟ್ಟಾಗಿ ತೀರಿಕೊಂಡರು. ಒಂದು ವಾಕ್ಯ ಸಾಕು.

## ಹಂತ 9: "ಮರೆತರು" ಎಂಬ ಮಾತನ್ನು ಕೊನೆಗೆ ಬರೆಯಿರಿ

ಯಾರು ಮರೆತರು? ಇದಕ್ಕೆ ಉತ್ತರ ಇಲ್ಲದೆ ಆ ಪದ ಬಳಸಬೇಡಿ.

ಪೆಸಿಫಿಕ್ ಗ್ರೋವ್‌ನಲ್ಲಿ ಡಿಜಿಟಲ್ ರಿಸರ್ಚ್ ಇದ್ದ ಕಟ್ಟಡದ ಮುಂದೆ 2014ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಸ್ಮಾರಕ ಫಲಕ ಹಾಕಿದೆ. ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮದಲ್ಲಿ ಸ್ಟುವರ್ಟ್ ಶಿಫೇ ಜತೆ ಕಿಲ್ಡಾಲ್ ವರ್ಷಗಳ ಕಾಲ ಕೂತು ಮಾತಾಡಿದ್ದಾರೆ, ಆ ಕಂತುಗಳನ್ನು ಇವತ್ತೂ ನೋಡಬಹುದು. ಎಂಜಿನಿಯರುಗಳು ಅವರನ್ನು ಮರೆತಿಲ್ಲ. ಸಿ ಡ್ರೈವ್ ಬಳಸುವ ಸಾಮಾನ್ಯ ಜನ ಅವರ ಹೆಸರನ್ನು ಕೇಳಿಯೇ ಇಲ್ಲ. ಕೇಳದೇ ಇರುವುದು ಬೇರೆ, ಮರೆಯುವುದು ಬೇರೆ.

ಎಡ್ ರಾಬರ್ಟ್ಸ್ ಕಥೆ ಇನ್ನೂ ಬೇರೆ. ಅವರು 1977ರಲ್ಲಿ ಕಂಪನಿ ಮಾರಿ ತಾವಾಗಿಯೇ ಹೊರಟರು. ವೈದ್ಯಶಾಸ್ತ್ರ ಓದಿ ಜಾರ್ಜಿಯಾದ ಕಾಕ್ರನ್ ಎಂಬ ಚಿಕ್ಕ ಊರಿನಲ್ಲಿ ಡಾಕ್ಟರಾದರು. ಆ ಊರಿನ ರೋಗಿಗಳಿಗೆ ಅವರು ಮರೆತುಹೋದವರೇ? 2010ರಲ್ಲಿ ಅವರು ಕೊನೆಯುಸಿರೆಳೆಯುವ ಮುಂಚೆ ಬಿಲ್ ಗೇಟ್ಸ್ ಆಸ್ಪತ್ರೆಗೆ ಬಂದು ನೋಡಿದ್ದರು. ವಿಲ್ಕ್ಸ್ ಕೂಡ ಕಂಪ್ಯೂಟರ್ ಬಿಟ್ಟು ಕಾನೂನು ಓದಿ ವಕೀಲರಾದರು. ಇವರನ್ನು ಯಾರೋ ತಳ್ಳಿದರು ಎಂದು ಬರೆದರೆ ಅವರ ಆಯ್ಕೆಯನ್ನೇ ನಾವು ಕಸಿದುಕೊಂಡ ಹಾಗೆ.

ಹೀಗಾಗಿ ಕೊನೆಯ ಭಾಗದಲ್ಲಿ ಮೂರರಲ್ಲಿ ಒಂದನ್ನು ಆರಿಸಿ: ತಾವೇ ಹೊರನಡೆದವರು, ಮಾರುಕಟ್ಟೆಯಲ್ಲಿ ಸೋತವರು, ಹೆಸರೇ ದಾಖಲಾಗದವರು. ಮೂರನ್ನೂ "ಮರೆತವರು" ಎಂಬ ಒಂದೇ ಚೀಲಕ್ಕೆ ತುಂಬಬೇಡಿ.

## ಹಂತ 10: ಕಳಿಸುವ ಮುನ್ನ

ಕರಡನ್ನು ಎರಡು ದಿನ ಬಿಟ್ಟು ಗಟ್ಟಿಯಾಗಿ ಓದಿ. ಹೆಸರುಗಳ ಉಚ್ಚಾರ ಒಂದೇ ಥರ ಇದೆಯೇ ನೋಡಿ. ಒಂದು ಕಡೆ ಕಿಲ್ಡಾಲ್, ಇನ್ನೊಂದು ಕಡೆ ಕಿಲ್ಡಲ್ ಇದ್ದರೆ ಓದುಗ ಇಬ್ಬರು ಎಂದುಕೊಳ್ಳುತ್ತಾನೆ. ಅನುಮಾನ ಇದ್ದರೆ ಆ ಟಿವಿ ಕಾರ್ಯಕ್ರಮ ಹಾಕಿ ಕೇಳಿ.

ಪ್ರತಿ ವರ್ಷದ ಪಕ್ಕ ನೋಟ್‌ಬುಕ್ಕಿನ ಪುಟ ಸಂಖ್ಯೆ ಬರೆಯಿರಿ. ಪುಟ ಸಿಗದ ವರ್ಷವನ್ನು ತೆಗೆದುಹಾಕಿ. ಕರುಳು ಚುರುಕ್ ಅಂದರೂ ತೆಗೆಯಿರಿ.

ಆಮೇಲೆ ಇಬ್ಬರಿಗೆ ಕೊಡಿ. ಒಬ್ಬರು ಕಂಪ್ಯೂಟರ್ ಬಲ್ಲವರು, ಇನ್ನೊಬ್ಬರು ಏನೂ ಗೊತ್ತಿಲ್ಲದವರು. ಎರಡನೆಯವರಿಗೆ ಒಂದೇ ಪ್ರಶ್ನೆ ಕೇಳಿ: "ಇವರು ಮಾಡಿದ್ದೇನು?" "ಪಾಪ, ವಿಮಾನ ಹಾರಿಸ್ತಿದ್ರಂತೆ" ಎಂದು ಉತ್ತರ ಬಂದರೆ ಐದನೇ ಹಂತಕ್ಕೆ ವಾಪಸ್ ಹೋಗಿ, ಎಮ್ಯುಲೇಟರ್ ಮತ್ತೆ ಆನ್ ಮಾಡಿ.